ಮುಂಡಗೋಡಿನ ಶಾಲೆ ಕಲಿಸುವ ಪಾಠ

ಚಳಿಗಾಲ ಬಂತೆಂದರೆ ನಮ್ಮ ಪಟ್ಟಣಗಳ ಬೀದಿಬದಿಯಲ್ಲಿ ಸ್ವೆಟರ್ ಮಾರುವ ಟಿಬೆಟನ್ನರನ್ನು ನೀವು ನೋಡಿರುತ್ತೀರಿ. ಅವರ ಮಕ್ಕಳು ಎಲ್ಲಿ ಓದುತ್ತಾರೆಂದು ಎಂದಾದರೂ ಯೋಚಿಸಿದ್ದೀರಾ? ಅದನ್ನು ತಿಳಿಯಲು ಬಹುದೂರ ಹೋಗಬೇಕಿಲ್ಲ. ಚಿಕ್ಕೇರೂರಿನಿಂದ ಹಾನಗಲ್ಲಿಗೆ ಬಂದು, ಮುಂದೆ ಉತ್ತರ ಕನ್ನಡದ ಗಡಿ ದಾಟಿದರೆ ಮುಂಡಗೋಡ. ಅಲ್ಲಿದೆ ಟಿಬೆಟನ್ ಕ್ಯಾಂಪ್.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಟಿಬೆಟ್ ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಕುಟುಂಬಗಳು ಹಿಮಾಲಯ ದಾಟಿದವು. ಹಿರಿಯರಿಗೆ ಭೂಮಿ ಬೇಕಿತ್ತು, ಮಕ್ಕಳಿಗೆ ಶಾಲೆ ಬೇಕಿತ್ತು. ಅಂದಿನ ಮೈಸೂರು ರಾಜ್ಯವು 1960ರಲ್ಲಿ ಬೈಲಕುಪ್ಪೆಯಲ್ಲಿ, ಅನಂತರ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದಾಗ 1966ರಲ್ಲಿ ಮುಂಡಗೋಡಿನಲ್ಲಿ ಅವರಿಗೆ ನೆಲೆ ನೀಡಿತು. ಮುಂಡಗೋಡಿನಲ್ಲಿ ದೊರೆತದ್ದು ಸುಮಾರು 4000 ಎಕರೆ. ಆ ನೆಲದಲ್ಲಿ ಅವರು ಭತ್ತ, ಗೋವಿನಜೋಳ ಬೆಳೆಯಲು ಕಲಿತರು.

ಶಾಲೆಯ ಪ್ರಶ್ನೆ ಇನ್ನೂ ಕಠಿಣವಾಗಿತ್ತು. ಮಕ್ಕಳನ್ನು ಹತ್ತಿರದ ಸರ್ಕಾರಿ ಶಾಲೆಗಳಿಗೆ ಸೇರಿಸಿದರೆ, ಒಂದೆರಡು ತಲೆಮಾರುಗಳಲ್ಲಿ ಅವರ ಭಾಷೆ, ಲಿಪಿ ಮರೆತುಹೋಗುವ ಭಯ. ಪ್ರಧಾನಿ ನೆಹರೂ ಮತ್ತು ದಲೈ ಲಾಮಾ ಚರ್ಚಿಸಿ ಪ್ರತ್ಯೇಕ ಶಾಲೆಗಳ ದಾರಿ ಹಿಡಿದರು. 1960ರಲ್ಲಿ ಮಸ್ಸೂರಿಯಲ್ಲಿ ಮೊದಲ ಶಾಲೆ ಆರಂಭವಾಯಿತು. 1961ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿ ಒಂದು ಸ್ವಾಯತ್ತ ಸಂಸ್ಥೆ ಹುಟ್ಟಿತು. ಮುಂಡಗೋಡಿನಲ್ಲಿಯೂ ಅಂಥ ಕೇಂದ್ರೀಯ ಶಾಲೆ ತೆರೆಯಿತು. ಟಿಬೆಟನ್ ಭಾಷೆಯ ಜೊತೆಗೆ ಹಿಂದಿ, ಇಂಗ್ಲಿಷ್, ಗಣಿತ, ವಿಜ್ಞಾನಗಳ ಪಾಠ ನಡೆಯಿತು.

ಇದರಿಂದಾದ ಲಾಭ ಕಣ್ಣಿಗೆ ಕಾಣುವಂಥದು. ಆ ಭಾಷೆ ಉಳಿದಿದೆ. ಮುಂಡಗೋಡಿನಲ್ಲಿ ಮರಳಿ ಕಟ್ಟಿದ ದ್ರೆಪುಂಗ್, ಗಂಡೆನ್ ವಿಹಾರಗಳಿಗೆ ಲಡಾಖ್, ಮಂಗೋಲಿಯಾಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಆದರೆ ನಷ್ಟವೂ ಉಂಟು. ಸುತ್ತಲಿನ ಹಳ್ಳಿಯ ಮಕ್ಕಳು ಕನ್ನಡ ಶಾಲೆಗೆ, ಕ್ಯಾಂಪಿನ ಮಕ್ಕಳು ತಮ್ಮ ಶಾಲೆಗೆ. ಮಳೆ ಒಂದೇ, ಸಂತೆ ಒಂದೇ; ಬೆಂಚು ಮಾತ್ರ ಬೇರೆ. ಅನೇಕ ಟಿಬೆಟನ್ನರು ಕನ್ನಡ ಕಲಿತದ್ದು ತರಗತಿಯಲ್ಲಲ್ಲ, ಹೊಲದಲ್ಲಿ, ಅಂಗಡಿಯಲ್ಲಿ. ಇಲ್ಲಿಯೇ ಹುಟ್ಟಿ ಬೆಳೆದ ಹಲವರ ಕೈಯಲ್ಲಿ ಇಂದಿಗೂ ಇರುವುದು ವಿದೇಶಿಯರ ನೋಂದಣಿ ಪತ್ರ.

ಹಾನಗಲ್ಲಿನ ಮಾವಿನ ತೋಟಗಳಲ್ಲಿ ಕಸಿ ಕಟ್ಟುವುದನ್ನು ಗಮನಿಸಿ. ಬೇರು ಒಂದು ಗಿಡದ್ದು, ಕುಡಿ ಇನ್ನೊಂದರದ್ದು. ಬೇರು ನೀರುಣಿಸುತ್ತದೆ, ಕುಡಿ ತನ್ನ ಹಣ್ಣಿನ ರುಚಿಯನ್ನು ಬಿಡುವುದಿಲ್ಲ. ಆದರೆ ಎರಡರ ತೊಗಟೆಯ ಒಳಪದರಗಳು ಒಂದಕ್ಕೊಂದು ತಾಗದಿದ್ದರೆ ಕಸಿ ಕೂಡುವುದಿಲ್ಲ. ಮುಂಡಗೋಡಿನ ಶಾಲೆ ರುಚಿಯನ್ನು ಕಾಯಿತು. ತಾಗಿಸುವ ಕೆಲಸ ಯಾವ ಸರ್ಕಾರಿ ಆದೇಶದಿಂದಲೂ ಆಗುವಂಥದಲ್ಲ.

ಅದು ನಿಮ್ಮ ಪಾಲಿನದು. ನಾಳೆ ನಿಮ್ಮ ಕಾಲೇಜಿಗೆ ಟಿಬೆಟನ್ ಹುಡುಗನೋ ಮಂಗೋಲಿಯಾದ ಹುಡುಗಿಯೋ ಬಂದು ಸೇರಬಹುದು. ಮೊದಲು ಅವರ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯಿರಿ. ಅವರ ಭಾಷೆಯ ನಾಲ್ಕು ಮಾತು ಕೇಳಿ, ಕನ್ನಡದ ನಾಲ್ಕು ಮಾತು ಹೇಳಿಕೊಡಿ. ಊಟದ ಡಬ್ಬಿ ತೆರೆದಾಗ ಪಕ್ಕದಲ್ಲಿ ಜಾಗ ಬಿಡಿ.