ಉತ್ತರ ಬಲ್ಲವರ ಮೌನ

ಮೂವತ್ತೈದು ವರ್ಷ ಅಧ್ಯಾಪಕನಾಗಿದ್ದ ನನ್ನನ್ನು, ಆ ವೃತ್ತಿಯಲ್ಲಿ ಅತ್ಯಂತ ಕಷ್ಟವಾದುದು ಯಾವುದು ಎಂದು ಯಾರಾದರೂ ಕೇಳಿದರೆ, ಉತ್ತರ ಗೊತ್ತಿದ್ದೂ ಸುಮ್ಮನಿರುವುದು ಎಂದು ಹೇಳುತ್ತೇನೆ. ತರಗತಿಯಲ್ಲಿ ಹುಡುಗನೊಬ್ಬ ಎದ್ದು ನಿಂತಿದ್ದಾನೆ, ಪ್ರಶ್ನೆ ಕೇಳಿಯಾಗಿದೆ, ಉತ್ತರವು ಅವನ ನಾಲಗೆಯ ತುದಿಯವರೆಗೆ ಬಂದು ಹಿಂದೆ ಸರಿಯುತ್ತಿದೆ. ಅರ್ಧ ನಿಮಿಷ ತಾಳಿದರೆ ಅವನೇ ಹೇಳಿಯಾನು. ಆ ಅರ್ಧ ನಿಮಿಷವನ್ನು ತಾಳಲಾರದೆ ನಾವೇ ಹೇಳಿಬಿಡುತ್ತೇವೆ. ಈ ಮೌನದ ಬೆಲೆಯನ್ನು ನನಗೆ ಮತ್ತೊಮ್ಮೆ ನೆನಪಿಗೆ ತಂದದ್ದು, ಆಶ್ಚರ್ಯವೆಂದರೆ, ಅಮೆರಿಕದ ದೂರದರ್ಶನದ ಒಂದು ರಸಪ್ರಶ್ನೆ ಕಾರ್ಯಕ್ರಮ.

2019ರ ಫೆಬ್ರುವರಿಯಲ್ಲಿ ನಾನು ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದೆ. ಹೊರಗೆ ಹಿಮ, ಹೊಸದಾಗಿ ನಿವೃತ್ತನಾದವನಿಗೆ ಒಳಗೆ ಮಾಡಲು ಕೆಲಸವಿಲ್ಲ. ಸಂಜೆಯಾಗುತ್ತಲೇ ಆ ಮನೆಯವರೆಲ್ಲ ‘ಜೆಪರ್ಡಿ’ ಎಂಬ ಕಾರ್ಯಕ್ರಮದ ಮುಂದೆ ಕೂರುತ್ತಿದ್ದರು. ಆ ಪದಕ್ಕೆ ಗಂಡಾಂತರ ಎಂದು ಅರ್ಥ. ಅದರ ಕ್ರಮ ನಮಗೆ ವಿಚಿತ್ರವಾದದ್ದು. ಹಲಗೆಯ ಮೇಲೆ ಆರು ವಿಷಯಗಳು, ಒಂದೊಂದರಲ್ಲಿ ಐದೈದು ಸುಳಿವುಗಳು. ಸುಳಿವು ಉತ್ತರದ ರೂಪದಲ್ಲಿರುತ್ತದೆ. ಸ್ಪರ್ಧಿ ಅದಕ್ಕೆ ಹೊಂದುವ ಪ್ರಶ್ನೆಯನ್ನು ಹೇಳಬೇಕು. ತಪ್ಪಿದರೆ ಗಳಿಸಿದ್ದರಲ್ಲಿ ಅಷ್ಟು ಕಳೆಯುತ್ತದೆ. ಇಂಥ ಎರಡು ಸುತ್ತುಗಳಾದ ಮೇಲೆ ಕೊನೆಯ ಸುತ್ತಿನಲ್ಲಿ ಒಂದೇ ಸುಳಿವು. ಗಳಿಸಿದ್ದರಲ್ಲಿ ಎಷ್ಟು ಬೇಕಾದರೂ ಪಣವಿಡಬಹುದು. ಗೆದ್ದವನು ಮರುದಿನ ಮತ್ತೆ ಬಂದು ಹೊಸಬರಿಬ್ಬರನ್ನು ಎದುರಿಸಬೇಕು.

ಆ ಎರಡು ವಾರ, ಅಂದರೆ ಫೆಬ್ರುವರಿ 20ರಿಂದ ಮಾರ್ಚ್ 5ರವರೆಗೆ, ಎಂದಿನ ಆಟ ನಡೆಯಲಿಲ್ಲ. ಹಿಂದಿನ ವರ್ಷಗಳಲ್ಲಿ ಗೆದ್ದು ಹೆಸರಾದ ಹದಿನೆಂಟು ಮಂದಿಯನ್ನು ಮತ್ತೆ ಕರೆಸಿ, ಮೂವರಂತೆ ಆರು ತಂಡಗಳನ್ನು ಕಟ್ಟಿದ್ದರು. ಅದುವರೆಗೆ ಒಬ್ಬೊಬ್ಬರಾಗಿಯೇ ಆಡಿ ಗೆದ್ದವರು ಮೊದಲ ಸಲ ಜೊತೆಗಾರರೊಡನೆ ಆಡಬೇಕಾಯಿತು. ಆ ಹೊಸತನದ ಅರ್ಥ ತಿಳಿಯಬೇಕಾದರೆ ಈ ಆಟ ಹುಟ್ಟಿದ ಕಥೆಯನ್ನು ತಿಳಿಯಬೇಕು. ಆ ಕಥೆಯ ಆರಂಭದಲ್ಲಿಯೂ ಒಂದು ಮೌನವಿದೆ. ಆದರೆ ಅದು ಕಳ್ಳಮೌನ.

1956ರಲ್ಲಿ ಅಮೆರಿಕದ ದೂರದರ್ಶನದಲ್ಲಿ ‘ಟ್ವೆಂಟಿ ಒನ್’ ಎಂಬ ರಸಪ್ರಶ್ನೆ ಬಹು ಜನಪ್ರಿಯವಾಗಿತ್ತು. ಸ್ಪರ್ಧಿಗಳನ್ನು ಹೊರಗಿನ ಸದ್ದು ಕೇಳದ ಗಾಜಿನ ಗೂಡುಗಳಲ್ಲಿ ನಿಲ್ಲಿಸುತ್ತಿದ್ದರು. ಮೋಸಕ್ಕೆ ಎಡೆಯೇ ಇಲ್ಲವೆಂದು ತೋರಿಸಲು ಆ ಗೂಡು. ಮೋಸವೆಲ್ಲ ಗೂಡಿನೊಳಗೆ ಹೋಗುವ ಮುನ್ನವೇ ಮುಗಿದಿರುತ್ತಿತ್ತು. ನಿರ್ಮಾಪಕರು ಪ್ರಶ್ನೋತ್ತರಗಳನ್ನು ಮೊದಲೇ ಕೊಡುತ್ತಿದ್ದರು. ಎಲ್ಲಿ ತಡವರಿಸಬೇಕು, ಯಾವಾಗ ಬೆವರು ಒರೆಸಿಕೊಳ್ಳಬೇಕು ಎಂಬುದನ್ನೂ ಕಲಿಸುತ್ತಿದ್ದರು. ಹರ್ಬರ್ಟ್ ಸ್ಟೆಂಪೆಲ್ ಎಂಬ ಬಡ ವಿದ್ಯಾರ್ಥಿ ಹೀಗೆ ವಾರವಾರವೂ ಗೆಲ್ಲುತ್ತಿದ್ದ. ಸ್ವಲ್ಪ ಕಾಲದಲ್ಲಿ ನಿರ್ಮಾಪಕರಿಗೆ ಬೇರೊಂದು ಮುಖ ಬೇಕೆನಿಸಿತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುತ್ತಿದ್ದ ಚಾರ್ಲ್ಸ್ ವ್ಯಾನ್ ಡೊರೆನ್ ಸಿಕ್ಕಿದರು. ಪ್ರಸಿದ್ಧ ಕವಿ ಮಾರ್ಕ್ ವ್ಯಾನ್ ಡೊರೆನ್ ಅವರ ಮಗ. ಸುಂದರ, ಸುಸಂಸ್ಕೃತ, ವಿನಯವಂತ.

ಸ್ಟೆಂಪೆಲ್ ಸೋಲಬೇಕೆಂದು ಆಜ್ಞೆಯಾಯಿತು. 1955ರ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದದ್ದು ಯಾವುದು ಎಂಬ ಪ್ರಶ್ನೆಗೆ ಅವನು ತಪ್ಪು ಹೇಳಬೇಕಾಗಿತ್ತು. ಸರಿಯುತ್ತರ ‘ಮಾರ್ಟಿ’. ಅದು ಅವನ ಮೆಚ್ಚಿನ ಚಿತ್ರ. ಮತ್ತೆ ಮತ್ತೆ ನೋಡಿದ್ದ. 1956ರ ಡಿಸೆಂಬರ್ 5ರ ರಾತ್ರಿ ಕೋಟ್ಯಂತರ ಜನರ ಮುಂದೆ, ಗಾಜಿನ ಗೂಡಿನೊಳಗೆ, ಬಲ್ಲ ಉತ್ತರವನ್ನು ನುಂಗಿಕೊಂಡು ಬೇರೊಂದು ಚಿತ್ರದ ಹೆಸರು ಹೇಳಿದ. ಅನೇಕ ಸುಳ್ಳುಗಳಿಂದ ಗೆದ್ದವನಿಗೆ, ಕೊನೆಗೆ, ನಿಜವಾಗಿ ತನಗೆ ತಿಳಿದಿದ್ದ ಒಂದು ಸಂಗತಿಯನ್ನು ಹೇಳುವ ಅವಕಾಶವೂ ಇಲ್ಲವಾಯಿತು. ಇದಕ್ಕಿಂತ ಕ್ರೂರವಾದ ಶಿಕ್ಷೆಯನ್ನು ನಾನು ಊಹಿಸಲಾರೆ.

ವ್ಯಾನ್ ಡೊರೆನ್ 1,29,000 ಡಾಲರುಗಳನ್ನು ಗೆದ್ದರು. ‘ಟೈಮ್’ ಪತ್ರಿಕೆಯ ಮುಖಪುಟವನ್ನೇರಿದರು. ಸ್ಟೆಂಪೆಲ್ ದೂರು ಹೇಳಿದಾಗ ಸೋತವನ ಹೊಟ್ಟೆಯುರಿ ಎಂದು ಜನ ಬಗೆದರು. ಆದರೆ ಜೇಮ್ಸ್ ಸ್ನಾಡ್‌ಗ್ರಾಸ್ ಎಂಬ ಚಿತ್ರಕಲಾವಿದ ಜಾಣತನವನ್ನು ತೋರಿದ್ದ. ನಿರ್ಮಾಪಕರು ತನಗೆ ಕೊಟ್ಟ ಉತ್ತರಗಳನ್ನು ಕಾರ್ಯಕ್ರಮಕ್ಕೆ ಮುಂಚೆಯೇ ಬರೆದು, ರಿಜಿಸ್ಟರ್ಡ್ ಅಂಚೆಯಲ್ಲಿ ತನಗೆ ತಾನೇ ಕಳಿಸಿಕೊಂಡು, ಲಕೋಟೆಯನ್ನು ಒಡೆಯದೆ ಇಟ್ಟಿದ್ದ. ಅಂಚೆಯ ಮುದ್ರೆಯೇ ಸಾಕ್ಷಿ ನುಡಿಯಿತು. 1959ರ ನವೆಂಬರ್ 2ರಂದು ವ್ಯಾನ್ ಡೊರೆನ್ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ತಪ್ಪೊಪ್ಪಿಕೊಂಡರು. ಅಧ್ಯಾಪಕ ವೃತ್ತಿ ಹೋಯಿತು. ಮರುವರ್ಷ, ರಸಪ್ರಶ್ನೆಗಳಲ್ಲಿ ಹೀಗೆ ಒಳಸಂಚು ಮಾಡುವುದು ಕಾನೂನಿನ ಪ್ರಕಾರ ಅಪರಾಧವಾಯಿತು. ಜನರ ನಂಬಿಕೆ ಮುರಿದುಹೋಗಿ, ರಸಪ್ರಶ್ನೆ ಎಂದರೆ ಬಾನುಲಿ-ದೂರದರ್ಶನದವರೇ ಹೆದರುವ ಕಾಲ ಬಂದಿತು.

‘ಜೆಪರ್ಡಿ’ ಹುಟ್ಟಿದ್ದು ಈ ಬೂದಿಯಿಂದ. ಮರ್ವ್ ಗ್ರಿಫಿನ್ ಎಂಬ ದೂರದರ್ಶನ ಕಲಾವಿದ ಹೆಂಡತಿ ಜೂಲನ್ ಅವರೊಡನೆ ವಿಮಾನದಲ್ಲಿ ಪ್ರಯಾಣ ಮಾಡುತ್ತಿದ್ದರು. ಪ್ರಶ್ನೋತ್ತರದ ಕಾರ್ಯಕ್ರಮಗಳು ಏಕೆ ನಿಂತುಹೋದವು ಎಂಬ ಮಾತು ಬಂದಿತು. ಸ್ಪರ್ಧಿಗಳಿಗೆ ಉತ್ತರ ಕೊಟ್ಟದ್ದರಿಂದ ತಾನೆ ಹಗರಣವಾದದ್ದು? ಹಾಗಾದರೆ ಉತ್ತರವನ್ನು ಎಲ್ಲರೆದುರಿಗೇ ಕೊಟ್ಟುಬಿಡೋಣ, ಅವರು ಪ್ರಶ್ನೆಯನ್ನು ಹೇಳಲಿ ಎಂದು ಆಕೆ ಸೂಚಿಸಿದರು. ಉದಾಹರಣೆಗೆ 5,280 ಎಂದರು. ಒಂದು ಮೈಲಿಗೆ ಎಷ್ಟು ಅಡಿ ಎಂದು ಗಂಡ ಕೇಳಿದರು. ಆಟ ಸಿದ್ಧವಾಯಿತು. 1964ರ ಮಾರ್ಚ್ 30ರಂದು ಆರ್ಟ್ ಫ್ಲೆಮಿಂಗ್ ಅವರ ನಿರೂಪಣೆಯಲ್ಲಿ ಮೊದಲ ಪ್ರಸಾರವಾಯಿತು. ಕಳ್ಳತನದಿಂದ ಕೊಡುತ್ತಿದ್ದುದನ್ನು ಬಹಿರಂಗವಾಗಿ ಕೊಟ್ಟರೆ ಅದರಲ್ಲಿ ಕಳ್ಳತನವೇ ಉಳಿಯುವುದಿಲ್ಲ! ಹಾಸ್ಯದಿಂದ ಹುಟ್ಟಿದರೂ ಇದರಲ್ಲಿ ಒಂದು ಪ್ರಾಯಶ್ಚಿತ್ತದ ಭಾವವಿದೆ ಎಂದು ನನಗೆ ತೋರುತ್ತದೆ.

1984ರಲ್ಲಿ ಆಟ ಹೊಸ ರೂಪದಲ್ಲಿ ಮರಳಿದಾಗ ಅಲೆಕ್ಸ್ ಟ್ರೆಬೆಕ್ ನಿರೂಪಕರಾದರು. ಕೆನಡಾದವರು, ಗಂಭೀರ, ಮಿತಭಾಷಿ. ಆಗ ಒಬ್ಬ ವಿಜೇತ ಐದು ದಿನಕ್ಕಿಂತ ಹೆಚ್ಚು ಆಡುವಂತಿರಲಿಲ್ಲ. 2003ರಲ್ಲಿ ಆ ಮಿತಿಯನ್ನು ತೆಗೆದರು. ಮರುವರ್ಷವೇ ಕೆನ್ ಜೆನ್ನಿಂಗ್ಸ್ ಎಂಬ ತರುಣ ಎಡೆಬಿಡದೆ 74 ಆಟಗಳನ್ನು ಗೆದ್ದ. ಆದರೆ 2005ರಲ್ಲಿ ಹಳೆಯ ವಿಜೇತರ ದೊಡ್ಡ ಸ್ಪರ್ಧೆಯಲ್ಲಿ ಅವನನ್ನು ಬ್ರಾಡ್ ರಟ್ಟರ್ ಸೋಲಿಸಿದ. ಇಬ್ಬರನ್ನೂ 2011ರ ಫೆಬ್ರುವರಿಯಲ್ಲಿ ಐಬಿಎಂ ಕಂಪನಿಯ ‘ವಾಟ್ಸನ್’ ಎಂಬ ಯಂತ್ರ ಸೋಲಿಸಿತು. ಯಂತ್ರದ ಗಳಿಕೆ 77,147, ಜೆನ್ನಿಂಗ್ಸನದು 24,000, ರಟ್ಟರನದು 21,600. ಆ ದಿನ ಬಹಳ ಮಂದಿ ಕೇಳಿರಬೇಕು: ಯಂತ್ರವೇ ಎಲ್ಲವನ್ನೂ ಬಲ್ಲುದಾದರೆ, ಮನುಷ್ಯ ನೆನಪಿಟ್ಟುಕೊಂಡು ಏನು ಫಲ?

2019ರ ತಂಡಗಳ ಪಂದ್ಯಾವಳಿಯಲ್ಲಿ ಆ ಪ್ರಶ್ನೆಗೆ ಒಂದು ಬಗೆಯ ಸಮಾಧಾನವನ್ನು ನಾನು ಕಂಡೆ. ಆರು ನಾಯಕರು: ಜೆನ್ನಿಂಗ್ಸ್, ರಟ್ಟರ್, ಜೂಲಿಯಾ ಕಾಲಿನ್ಸ್, ಕಾಲ್ಬಿ ಬರ್ನೆಟ್, ಬಜ಼ಿ ಕೊಹೆನ್, ಆಸ್ಟಿನ್ ರಾಜರ್ಸ್. ಜೂಲಿಯಾ 2014ರಲ್ಲಿ ಸತತವಾಗಿ 20 ಆಟಗಳನ್ನು ಗೆದ್ದಾಕೆ. ಬರ್ನೆಟ್ ಇತಿಹಾಸದ ಶಾಲಾ ಉಪಾಧ್ಯಾಯ. ರಾಜರ್ಸ್ ನ್ಯೂಯಾರ್ಕಿನ ಪಾನಗೃಹವೊಂದರಲ್ಲಿ ಮದ್ಯ ಬಡಿಸುವವನು. ವಿದ್ಯೆಗೆ ಕುಲವಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ನಾಯಕರು ಉಳಿದ ಹನ್ನೆರಡು ಮಂದಿಯಿಂದ ಸರದಿಯ ಮೇಲೆ ಇಬ್ಬಿಬ್ಬರನ್ನು ಆರಿಸಿಕೊಂಡಿದ್ದರು. ಜೆನ್ನಿಂಗ್ಸ್ ಆರಿಸಿದ್ದು ಮ್ಯಾಟ್ ಜಾಕ್ಸನ್ ಮತ್ತು ಮೋನಿಕಾ ಥ್ಯೂ ಅವರನ್ನು. ರಟ್ಟರ್ ಆರಿಸಿದ್ದು ಇತಿಹಾಸದ ವಿದ್ಯಾರ್ಥಿನಿಯಾಗಿದ್ದಾಗ ಗೆದ್ದಿದ್ದ ಲರಿಸ್ಸಾ ಕೆಲ್ಲಿಯನ್ನು, 2005ರಲ್ಲಿ 19 ಆಟಗಳನ್ನು ಗೆದ್ದಿದ್ದ ಡೇವಿಡ್ ಮ್ಯಾಡನ್ನನನ್ನು.

ಮುಖ್ಯವಾದ ನಿಯಮವಿದು: ಒಂದು ಆಟದ ಮೂರು ಸುತ್ತುಗಳನ್ನು ತಂಡದ ಮೂವರು ಹಂಚಿಕೊಳ್ಳಬೇಕು, ಒಬ್ಬರಿಗೆ ಒಂದು ಸುತ್ತು. ಒಬ್ಬರು ಗುಂಡಿ ಹಿಡಿದು ನಿಂತಾಗ ಉಳಿದಿಬ್ಬರು ಆಟದಿಂದ ಹೊರಗೆ. ಹೀಗಾಗಿ 74 ಸಲ ಗೆದ್ದ ಜೆನ್ನಿಂಗ್ಸನೂ ಬಹುಪಾಲು ಹೊತ್ತು ಸುಮ್ಮನೆ ನೋಡುತ್ತಿರಬೇಕಾಯಿತು. ಸುಳಿವು ಹಲಗೆಯ ಮೇಲೆ ಮೂಡುತ್ತದೆ. ಅವನಿಗೆ ಉತ್ತರ ಹೊಳೆದಿರುತ್ತದೆ. ಆದರೆ ಕೈಯಲ್ಲಿ ಗುಂಡಿಯಿಲ್ಲ, ಬಾಯಿ ತೆರೆಯುವಂತಿಲ್ಲ. ಜೊತೆಗಾರ ತಡವರಿಸಿದರೆ ತಾಳಬೇಕು; ತಪ್ಪಿದರೆ ಆ ನಷ್ಟವನ್ನು ತನ್ನದೆಂದುಕೊಳ್ಳಬೇಕು; ಗೆದ್ದರೆ ಗೆಲುವು ಎಲ್ಲರದು.

ಅದನ್ನು ನೋಡುತ್ತಾ ನನಗೆ ಸ್ಟೆಂಪೆಲ್ ನೆನಪಾದ. ಇವರೂ ಬಲ್ಲವರು, ಅವನೂ ಬಲ್ಲವನು. ಇವರೂ ಸುಮ್ಮನಿದ್ದರು, ಅವನೂ ಬಾಯಿ ಕಟ್ಟಿಕೊಂಡ. ಅವನ ಮೌನವನ್ನು ಹಣ ಕೊಟ್ಟು ಕೊಂಡಿದ್ದರು. ಇವರ ಮೌನ ಜೊತೆಗಾರನ ಮೇಲಿಟ್ಟ ನಂಬಿಕೆಯಿಂದ ಬಂದದ್ದು. ಯಂತ್ರಕ್ಕೆ ಉತ್ತರ ಹೇಳಲು ಬಂದೀತು. ತಾನು ಬಲ್ಲುದನ್ನು ಇನ್ನೊಬ್ಬನ ಬಾಯಿಂದ ಕೇಳಿ ಹಿಗ್ಗುವುದು ಅದಕ್ಕೆ ಬಾರದು.

ಮಾರ್ಚ್ 5ರಂದು ರಟ್ಟರನ ತಂಡ ಗೆದ್ದು ಹತ್ತು ಲಕ್ಷ ಡಾಲರುಗಳನ್ನು ಪಡೆಯಿತು. ಜೆನ್ನಿಂಗ್ಸನ ತಂಡಕ್ಕೆ 3 ಲಕ್ಷ, ಬರ್ನೆಟ್ಟನ ತಂಡಕ್ಕೆ 1 ಲಕ್ಷ. ಬಹುಮಾನವನ್ನು ಮೂವರೂ ಸಮನಾಗಿ ಹಂಚಿಕೊಂಡರು.

ಇನ್ನು ನನ್ನದೊಂದು ಮಾತನ್ನು ಹೇಳದೆ ಈ ಭಾಷಣವನ್ನು ಮುಗಿಸಿದರೆ ಪ್ರಾಮಾಣಿಕವಾಗದು. 1980ರ ದಶಕದ ನಡುವೆ, ನಾನು ಎಳೆಯ ಅಧ್ಯಾಪಕನಾಗಿದ್ದಾಗ, ನಮ್ಮ ಕಾಲೇಜಿನ ತಂಡವನ್ನು ಒಂದು ಅಂತರಕಾಲೇಜು ರಸಪ್ರಶ್ನೆಗೆ ಕರೆದೊಯ್ದಿದ್ದೆ. ಕೊನೆಯ ಪ್ರಶ್ನೆಗೆ ಎರಡು ತಂಡಗಳು ಸಮಸಮವಾಗಿದ್ದವು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವರು ಯಾರು ಎಂದು ಕೇಳಿದರು. ನಮ್ಮ ಹುಡುಗ ಕಣ್ಣುಮುಚ್ಚಿ ಯೋಚಿಸಿದ. ಕಣ್ಣು ತೆರೆದಾಗ ಎದುರು ಸಾಲಿನಲ್ಲಿದ್ದ ನಾನು ಸದ್ದಿಲ್ಲದೆ ತುಟಿಯಾಡಿಸಿದೆ. ಅವನು ‘ಅತ್ತಿಮಬ್ಬೆ’ ಎಂದ. ಬೆಳ್ಳಿಯ ಬಟ್ಟಲು ನಮಗೆ ಬಂದಿತು. ಯಾರೂ ನೋಡಿರಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಹುಡುಗ ನನ್ನ ಪಕ್ಕದಲ್ಲಿ ಕುಳಿತು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದ. ಕೊನೆಗೆ ಮೆಲ್ಲಗೆ, “ಸರ್, ಅದು ನನಗೆ ಗೊತ್ತಿತ್ತು” ಎಂದ. ಅಷ್ಟೇ. ನಿಜವಾಗಿ ಗೊತ್ತಿತ್ತೋ ಇಲ್ಲವೋ ಎಂಬುದು ನನಗೆ ಮಾತ್ರವಲ್ಲ, ಅವನಿಗೂ ಇನ್ನು ಎಂದೂ ಖಚಿತವಾಗುವಂತಿರಲಿಲ್ಲ. ಆ ಖಚಿತತೆಯನ್ನು ನಾನು ಅವನಿಂದ ಕಸಿದುಕೊಂಡಿದ್ದೆ. ಎದುರು ತಂಡದ ಮಕ್ಕಳಿಗೆ ಮಾಡಿದ ಅನ್ಯಾಯದ ಜೊತೆಗೆ ಇದೊಂದು. ಆ ಬಟ್ಟಲು ಪ್ರಾಂಶುಪಾಲರ ಕೊಠಡಿಯ ಗಾಜಿನ ಬೀರುವಿನಲ್ಲಿ ಬಹುಕಾಲ ಇತ್ತು. ನಾನು ಅತ್ತ ನೋಡುತ್ತಿರಲಿಲ್ಲ.

ಪಂದ್ಯಾವಳಿ ಮುಗಿದ ಮರುದಿನ, ಮಾರ್ಚ್ 6ರಂದು, ಟ್ರೆಬೆಕ್ ತಮಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರು ನಾಲ್ಕನೆಯ ಹಂತಕ್ಕೆ ಮುಟ್ಟಿದೆಯೆಂದು ವೀಕ್ಷಕರಿಗೆ ತಿಳಿಸಿದರು. ಎರಡು ವಾರ ದಿನವೂ ಕಂಡ ಮುಖ. ನಮ್ಮ ಮನೆಯವರಿಗೊಬ್ಬರಿಗೆ ಆದಂತೆ ಮಗಳು ಅತ್ತಳು. ಆ ಏಪ್ರಿಲ್ 9ರಂದು ವ್ಯಾನ್ ಡೊರೆನ್ 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಟ್ರೆಬೆಕ್ ಚಿಕಿತ್ಸೆಯ ನಡುವೆಯೂ ಕೆಲಸ ಬಿಡಲಿಲ್ಲ. 2020ರ ಅಕ್ಟೋಬರ್ 29ರಂದು ಕೊನೆಯ ಬಾರಿ ಆಟ ನಡೆಸಿ, ನವೆಂಬರ್ 8ರಂದು ಕಣ್ಮುಚ್ಚಿದರು. ಮೂವತ್ತಾರು ವರ್ಷ ಆ ಮನುಷ್ಯ ಎಲ್ಲ ಉತ್ತರಗಳನ್ನೂ ಕೈಯಲ್ಲಿಟ್ಟುಕೊಂಡು, ಎದುರಿನವರು ತಾವಾಗಿ ಹೇಳುವವರೆಗೆ ಕಾದು ನಿಂತಿದ್ದರು. ಅವರ ವೃತ್ತಿಯೆಂದರೆ ಅದೇ.

ಇಂದು ಆ ಜಾಗದಲ್ಲಿ ನಿಂತಿರುವವನು ಕೆನ್ ಜೆನ್ನಿಂಗ್ಸ್. ಒಂದು ಕಾಲಕ್ಕೆ ಎಲ್ಲರಿಗಿಂತ ಮೊದಲು ಗುಂಡಿಯೊತ್ತುತ್ತಿದ್ದವನು ಈಗ ಉತ್ತರ ಬಲ್ಲವನಾಗಿ ಕಾಯುತ್ತಾನೆ. ಮಗಳ ಮನೆಗೆ ಹೋದಾಗಲೆಲ್ಲ ನಾನು ನೋಡುವುದು ಸ್ಪರ್ಧಿಗಳನ್ನಲ್ಲ, ಅವನ ಮುಖವನ್ನು. ಸ್ಪರ್ಧಿ ತಡವರಿಸುತ್ತಿರುವಾಗ ಅವನ ತುಟಿಗಳು ಅಲುಗುವುದಿಲ್ಲ.