ರೇಡಾರ್ ಡಿಟೆಕ್ಟರ್

ರೇಡಾರ್ ಡಿಟೆಕ್ಟರ್ ಎಂಬುದು ವಾಹನಗಳ ವೇಗವನ್ನು ಅಳೆಯಲು ಪೊಲೀಸರು ಬಳಸುವ ರೇಡಾರ್ ಉಪಕರಣಗಳಿಂದ ಹೊರಡುವ ಮೈಕ್ರೋವೇವ್ ಅಲೆಗಳನ್ನು ಗುರುತಿಸಿ, ಚಾಲಕನಿಗೆ ಧ್ವನಿ ಅಥವಾ ಬೆಳಕಿನ ಮೂಲಕ ಮುನ್ಸೂಚನೆ ನೀಡುವ ಎಲೆಕ್ಟ್ರಾನಿಕ್ ಸಾಧನ. ಸಾಮಾನ್ಯವಾಗಿ ಇದನ್ನು ಕಾರಿನ ಮುಂಭಾಗದ ಗಾಜಿಗೆ ಅಂಟಿಸಲಾಗುತ್ತದೆ. ಈ ಸಾಧನವು ವೇಗವನ್ನು ಅಳೆಯುವುದಿಲ್ಲ, ಪೊಲೀಸ್ ಉಪಕರಣಕ್ಕೆ ಅಡ್ಡಿಪಡಿಸುವ ಅಲೆಗಳನ್ನೂ ಹೊರಸೂಸುವುದಿಲ್ಲ. ನಿಗದಿತ ಆವರ್ತನಗಳ ಸಂಕೇತವನ್ನು ಸ್ವೀಕರಿಸುವುದಷ್ಟೇ ಇದರ ಕೆಲಸ. ಆದ್ದರಿಂದ ಲೇಸರ್ ಸ್ಪೀಡ್ ಗನ್ ಮತ್ತು ಸಂಖ್ಯಾಫಲಕ ಓದುವ ಕ್ಯಾಮೆರಾಗಳು ಬಳಕೆಯಲ್ಲಿರುವ ರಸ್ತೆಗಳಲ್ಲಿ ಇದರ ಉಪಯುಕ್ತತೆ ಸೀಮಿತವಾಗಿದೆ. ಈ ಮಿತಿ ಕರ್ನಾಟಕದ ಹೆದ್ದಾರಿಗಳಿಗೂ, ಹಾಸನ ಜಿಲ್ಲೆಯ ರಸ್ತೆಗಳಿಗೂ ಅನ್ವಯಿಸುತ್ತದೆ.

ಇತಿಹಾಸ

ಅಲೆಯ ಮೂಲ ಮತ್ತು ವೀಕ್ಷಕನ ನಡುವಿನ ಅಂತರ ಬದಲಾಗುತ್ತಿದ್ದಾಗ ಅಲೆಯ ಆವರ್ತನವೂ ಬದಲಾದಂತೆ ಕಾಣುತ್ತದೆ ಎಂಬ ತತ್ವವನ್ನು ಆಸ್ಟ್ರಿಯಾದ ಭೌತವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಮಂಡಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಳೆದ ರೇಡಾರ್ ತಂತ್ರಜ್ಞಾನಕ್ಕೆ ಈ ತತ್ವವನ್ನು ಅಳವಡಿಸಿ, 1940ರ ದಶಕದ ಕೊನೆಯಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ರಸ್ತೆಗಳಲ್ಲಿ ವಾಹನಗಳ ವೇಗ ಅಳೆಯುವ ಪ್ರಯೋಗಗಳು ನಡೆದವು.

ತೈಲ ಬಿಕ್ಕಟ್ಟಿನ ಹಿನ್ನೆಲೆಯಲ್ಲಿ 1974ರಲ್ಲಿ ಅಮೆರಿಕವು ಗಂಟೆಗೆ 55 ಮೈಲಿ (ಸುಮಾರು 88 ಕಿ.ಮೀ.) ವೇಗ ಮಿತಿಯನ್ನು ರಾಷ್ಟ್ರವ್ಯಾಪಿಯಾಗಿ ಜಾರಿಗೆ ತಂದಿತು. ಇದರ ಬೆನ್ನಲ್ಲೇ ದೂರ ಪ್ರಯಾಣದ ಚಾಲಕರಲ್ಲಿ ರೇಡಾರ್ ಡಿಟೆಕ್ಟರ್‌ಗಳು ಜನಪ್ರಿಯವಾದವು. ಓಹಿಯೊ ರಾಜ್ಯದ 'ಫಜ್‌ಬಸ್ಟರ್' ಆರಂಭದ ಪ್ರಸಿದ್ಧ ಮಾದರಿ. 1978ರಲ್ಲಿ ಬಂದ 'ಎಸ್ಕಾರ್ಟ್' ಮಾದರಿಯು ಹೆಚ್ಚು ಸೂಕ್ಷ್ಮಗ್ರಾಹಿಯಾದ ಸೂಪರ್‌ಹೆಟೆರೊಡೈನ್ ರಿಸೀವರ್ ಅನ್ನು ಬಳಸಿತು. ಲೇಸರ್ ಸ್ಪೀಡ್ ಗನ್‌ಗಳು ಪೊಲೀಸರ ಕೈ ಸೇರಿದ ಮೇಲೆ, ಮುನ್ಸೂಚನೆ ಕೊಡುವ ಸಾಧನಕ್ಕಿಂತ ಅಳೆಯುವ ಸಾಧನವೇ ಮುಂದಾಯಿತು.

ಕಾರ್ಯವಿಧಾನ

ಪೊಲೀಸ್ ರೇಡಾರ್ ಕಳುಹಿಸಿದ ಅಲೆ ಚಲಿಸುತ್ತಿರುವ ವಾಹನಕ್ಕೆ ತಾಗಿ ಹಿಂದಿರುಗುವಾಗ ಅದರ ಆವರ್ತನದಲ್ಲಿ ವ್ಯತ್ಯಾಸವಾಗುತ್ತದೆ. 24.15 ಗಿಗಾಹರ್ಟ್ಸ್ ಆವರ್ತನದ ರೇಡಾರ್‌ನಲ್ಲಿ ಗಂಟೆಗೆ 1 ಕಿ.ಮೀ. ವೇಗಕ್ಕೆ ಈ ವ್ಯತ್ಯಾಸ ಸುಮಾರು 45 ಹರ್ಟ್ಸ್, 100 ಕಿ.ಮೀ. ವೇಗಕ್ಕೆ ಸುಮಾರು 4,470 ಹರ್ಟ್ಸ್. ಉಪಕರಣವು ಈ ವ್ಯತ್ಯಾಸವನ್ನು ವೇಗವಾಗಿ ಪರಿವರ್ತಿಸಿ ತೋರಿಸುತ್ತದೆ. ರೇಡಾರ್ ರಸ್ತೆಗೆ ಓರೆಯಾಗಿ ನಿಂತಿದ್ದರೆ ಅಳತೆ ನೈಜ ವೇಗಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. 20 ಡಿಗ್ರಿ ಓರೆಯಲ್ಲಿ 100 ಕಿ.ಮೀ. ವೇಗವು ಸುಮಾರು 94 ಎಂದು ದಾಖಲಾಗುತ್ತದೆ.

ಪೊಲೀಸ್ ರೇಡಾರ್‌ಗೆ ವಾಹನದಿಂದ ಮರಳಿದ ದುರ್ಬಲ ಪ್ರತಿಧ್ವನಿ ಬೇಕು. ಡಿಟೆಕ್ಟರ್‌ಗೆ ನೇರವಾಗಿ ಬಂದ ಅಲೆಯೇ ಸಾಕು. ಪ್ರತಿಧ್ವನಿಯ ಬಲ ದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿಯೂ, ನೇರ ಅಲೆಯ ಬಲ ದೂರದ ವರ್ಗಕ್ಕೆ ವಿಲೋಮವಾಗಿಯೂ ಕುಗ್ಗುತ್ತದೆ. ಹೀಗಾಗಿ ರೇಡಾರ್ ವಾಹನವನ್ನು ಅಳೆಯುವ ಮೊದಲೇ ಡಿಟೆಕ್ಟರ್ ಅದರ ಇರವನ್ನು ಗುರುತಿಸಬಲ್ಲದು. ಈ ಅನುಕೂಲ ದೊರೆಯುವುದು ರೇಡಾರ್ ನಿರಂತರವಾಗಿ ಅಲೆ ಬೀರುತ್ತಿದ್ದರೆ ಮಾತ್ರ. ಪೊಲೀಸರು ಉಪಕರಣವನ್ನು ಸುಮ್ಮನಿರಿಸಿ, ವಾಹನ ಹತ್ತಿರ ಬಂದಾಗಲಷ್ಟೇ ಗುಂಡಿ ಒತ್ತಿದರೆ ಡಿಟೆಕ್ಟರ್ ಕೂಗುವ ಹೊತ್ತಿಗೆ ವೇಗ ದಾಖಲಾಗಿರುತ್ತದೆ. ತಿರುವು, ದಿಬ್ಬ ಮತ್ತು ದಟ್ಟ ಮರಗಳ ಸಾಲು ಸಹ ಅಲೆಗಳನ್ನು ತಡೆಯುತ್ತವೆ.

ಆವರ್ತನ ಪಟ್ಟಿಗಳು

• ಎಕ್ಸ್ ಪಟ್ಟಿ: 10.525 ಗಿಗಾಹರ್ಟ್ಸ್. ಹಳೆಯ ರೇಡಾರ್‌ಗಳಲ್ಲಿ ಬಳಕೆಯಲ್ಲಿತ್ತು.
• ಕೆ ಪಟ್ಟಿ: 24 ಗಿಗಾಹರ್ಟ್ಸ್‌ನ ಆಸುಪಾಸು. ಸ್ವಯಂಚಾಲಿತ ಬಾಗಿಲುಗಳು ಮತ್ತು ಕೆಲವು ಕಾರುಗಳ ಪಕ್ಕದ ವಾಹನ ಎಚ್ಚರಿಕೆಯ ಸಂವೇದಕಗಳು ಇದೇ ಪಟ್ಟಿಯಲ್ಲಿ ಅಲೆ ಬೀರುವುದರಿಂದ ಸುಳ್ಳು ಸೂಚನೆ ಹೆಚ್ಚು.
• ಕೆಎ ಪಟ್ಟಿ: 33.4ರಿಂದ 36 ಗಿಗಾಹರ್ಟ್ಸ್. ಅಮೆರಿಕದ ಪೊಲೀಸರಲ್ಲಿ ವ್ಯಾಪಕ ಬಳಕೆ.

ಲೇಸರ್ ಮತ್ತು ಕ್ಯಾಮೆರಾ

ಲೇಸರ್ ಸ್ಪೀಡ್ ಗನ್ ಸುಮಾರು 905 ನ್ಯಾನೋಮೀಟರ್ ತರಂಗಾಂತರದ ಅವಕೆಂಪು ಬೆಳಕಿನ ಮಿಡಿತಗಳನ್ನು ಕಳುಹಿಸಿ, ಅವು ಹಿಂದಿರುಗುವ ಸಮಯದಿಂದ ವಾಹನದ ದೂರ ಮತ್ತು ವೇಗವನ್ನು ಲೆಕ್ಕ ಹಾಕುತ್ತದೆ. 300 ಮೀಟರ್ ದೂರದಲ್ಲಿ 12 ಡಿಗ್ರಿ ಹರವಿನ ರೇಡಾರ್ ಕಿರಣಪುಂಜ ಸುಮಾರು 60 ಮೀಟರ್ ಅಗಲವಾಗಿದ್ದರೆ, ಲೇಸರ್ ಪುಂಜ ಸುಮಾರು 1 ಮೀಟರ್ ಮಾತ್ರ. ಅದು ಒಂದೇ ವಾಹನದ ಮೇಲೆ ಬೀಳುವುದರಿಂದ ಹಿಂದಿನ ಕಾರಿಗೆ ಸುಳಿವು ಸಿಗುವುದಿಲ್ಲ. ಅಳತೆಯೂ ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ. ಬಹುತೇಕ ಡಿಟೆಕ್ಟರ್‌ಗಳಲ್ಲಿ ಲೇಸರ್ ಸಂವೇದಕವಿದ್ದರೂ ಅದು ಕೊಡುವುದು ಮುನ್ಸೂಚನೆಯಲ್ಲ, ವೇಗ ದಾಖಲಾಯಿತೆಂಬ ವರ್ತಮಾನ. ಭಾರಿ ಮಳೆ ಹಾಗೂ ಮಂಜಿನಲ್ಲಿ ಲೇಸರ್ ಗನ್‌ನ ವ್ಯಾಪ್ತಿ ಕಡಿಮೆಯಾಗುತ್ತದೆ.

ಎರಡು ಸ್ಥಳಗಳ ನಡುವಿನ ಪ್ರಯಾಣದ ಸಮಯದಿಂದ ಸರಾಸರಿ ವೇಗ ಲೆಕ್ಕ ಹಾಕುವ ಕ್ಯಾಮೆರಾಗಳು ವಾಹನದ ಸಂಖ್ಯಾಫಲಕವನ್ನಷ್ಟೇ ಓದುತ್ತವೆ. ಅವುಗಳಿಂದ ರೇಡಾರ್ ಅಲೆ ಹೊರಡದ ಕಾರಣ ಡಿಟೆಕ್ಟರ್‌ಗೆ ಅವು ಗೋಚರಿಸುವುದಿಲ್ಲ.

ಕಾನೂನು

ಭಾರತ

1988ರ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ವೇಗ ಮಿತಿಗೂ, 183ನೇ ಸೆಕ್ಷನ್ ಅತಿವೇಗದ ದಂಡಕ್ಕೂ ಸಂಬಂಧಿಸಿವೆ. 2019ರ ತಿದ್ದುಪಡಿಯಂತೆ ಲಘು ವಾಹನಗಳಿಗೆ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಗಳಿಗೆ 2,000ದಿಂದ 4,000 ರೂಪಾಯಿ ದಂಡ ವಿಧಿಸಬಹುದು. ತಪ್ಪು ಮರುಕಳಿಸಿದರೆ ಚಾಲನಾ ಪರವಾನಗಿಯನ್ನು ವಶಪಡಿಸಿಕೊಳ್ಳಲು ಅವಕಾಶವಿದೆ. ವೇಗ ಮಿತಿ ಮೀರಿತ್ತೆಂದು ಒಬ್ಬ ಸಾಕ್ಷಿಯು ಅಂದಾಜಿನಿಂದ ಹೇಳಿದ ಮಾತ್ರಕ್ಕೆ ಯಾರನ್ನೂ ಶಿಕ್ಷಿಸುವಂತಿಲ್ಲ. ಆ ಅಂದಾಜು ಯಾಂತ್ರಿಕ ಅಥವಾ ಎಲೆಕ್ಟ್ರಾನಿಕ್ ಉಪಕರಣವನ್ನು ಆಧರಿಸಿರಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ. ಸ್ಪೀಡ್ ಗನ್ ಇಷ್ಟು ಮುಖ್ಯವಾಗಲು ಇದೂ ಒಂದು ಕಾರಣ.

2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಲಾದ 167ಎ ನಿಯಮವು ಎಲೆಕ್ಟ್ರಾನಿಕ್ ನಿಗಾ ಉಪಕರಣಗಳಿಗೆ ಅನುಮೋದನಾ ಪ್ರಮಾಣಪತ್ರವನ್ನೂ ಅದರ ವಾರ್ಷಿಕ ನವೀಕರಣವನ್ನೂ ಕಡ್ಡಾಯಗೊಳಿಸಿದೆ. ನಿಗಾ ಇರುವ ರಸ್ತೆಭಾಗಕ್ಕೆ ಮುನ್ನ ಎದ್ದು ಕಾಣುವಂತೆ ಎಚ್ಚರಿಕೆಯ ಫಲಕ ಹಾಕಬೇಕು. ಉಲ್ಲಂಘನೆಯ ನೋಟಿಸನ್ನು 15 ದಿನಗಳೊಳಗೆ ಕಳುಹಿಸಬೇಕು. ಅಂದರೆ ಡಿಟೆಕ್ಟರ್‌ನಿಂದ ಚಾಲಕ ನಿರೀಕ್ಷಿಸುವ ಮುನ್ಸೂಚನೆಯ ಒಂದು ಭಾಗವನ್ನು ಕಾನೂನೇ ರಸ್ತೆಬದಿಯ ಫಲಕದ ರೂಪದಲ್ಲಿ ಒದಗಿಸಿದೆ. ರೇಡಾರ್ ಆಧಾರಿತ ವೇಗಮಾಪಕಗಳನ್ನು ಕಾನೂನು ಮಾಪನಶಾಸ್ತ್ರ ನಿಯಮಗಳಡಿ ಪರಿಶೀಲಿಸಿ ಮುದ್ರೆ ಹಾಕಿಸಬೇಕೆಂಬ ನಿಯಮ 2025ರ ಜುಲೈ 1ರಿಂದ ಜಾರಿಗೆ ಬಂದಿದೆ.

ಮೋಟಾರು ವಾಹನ ಕಾಯ್ದೆಯಲ್ಲಿ ರೇಡಾರ್ ಡಿಟೆಕ್ಟರ್ ಅನ್ನು ಹೆಸರಿಸಿ ನಿಷೇಧಿಸುವ ಅಥವಾ ಅನುಮತಿಸುವ ಸೆಕ್ಷನ್ ಇಲ್ಲ. ಆದರೆ 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯು ಪರವಾನಗಿಯಿಲ್ಲದೆ ರೇಡಿಯೊ ಉಪಕರಣ ಇಟ್ಟುಕೊಳ್ಳುವುದನ್ನು ನಿರ್ಬಂಧಿಸಿತ್ತು. ಅದರ ಸ್ಥಾನದಲ್ಲಿ 2023ರ ದೂರಸಂಪರ್ಕ ಕಾಯ್ದೆಯನ್ನು ರೂಪಿಸಲಾಗಿದೆ. ಆದ್ದರಿಂದ ಹೆಸರಿನ ನಿಷೇಧವಿಲ್ಲವೆಂದ ಮಾತ್ರಕ್ಕೆ ಸಾಧನದ ಬಳಕೆ ಕಾನೂನುಬದ್ಧವೆಂದು ಭಾವಿಸುವಂತಿಲ್ಲ. ರೇಡಾರ್ ಅಥವಾ ಲೇಸರ್ ಅಳತೆಗೆ ಅಡ್ಡಿಪಡಿಸುವ ಜಾಮರ್ ಬೇರೆಯೇ ಸಾಧನ. ರೇಡಿಯೊ ಸಂಕೇತಗಳನ್ನು ತಡೆಯುವ ಜಾಮರ್‌ಗಳನ್ನು ಖಾಸಗಿ ವ್ಯಕ್ತಿಗಳು ಸರ್ಕಾರದ ಅನುಮತಿಯಿಲ್ಲದೆ ಬಳಸುವಂತಿಲ್ಲ.

ಇತರ ದೇಶಗಳು

ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಖಾಸಗಿ ಕಾರುಗಳಿಗೆ ಅನುಮತಿಯಿದೆ. ವರ್ಜೀನಿಯಾ ಮತ್ತು ವಾಷಿಂಗ್ಟನ್ ಡಿ.ಸಿ.ಯಲ್ಲಿ ನಿಷೇಧವಿದೆ. ಕೆನಡಾದಲ್ಲಿ ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ ಮತ್ತು ಸಸ್ಕಾಚೆವಾನ್ ಪ್ರಾಂತಗಳು ಅನುಮತಿಸುತ್ತವೆ. ಬ್ರಿಟನ್‌ನಲ್ಲಿ 1998ರ ನ್ಯಾಯಾಲಯದ ತೀರ್ಪಿನ ನಂತರ ಬಳಕೆ ಅಪರಾಧವಲ್ಲ. ಫ್ರಾನ್ಸ್ ಮತ್ತು ಜರ್ಮನಿಯಲ್ಲಿ ಬಳಕೆ ನಿಷಿದ್ಧ. ವಿದೇಶದಲ್ಲಿರುವ ಬಂಧುಗಳ ಮೂಲಕ ಸಾಧನ ತರಿಸಿಕೊಳ್ಳುವವರಿಗೆ ಆ ದೇಶದ ಅನುಮತಿ ಇಲ್ಲಿ ರಕ್ಷಣೆಯಾಗುವುದಿಲ್ಲ.

ಹಾಸನ ಜಿಲ್ಲೆಯ ರಸ್ತೆಗಳಲ್ಲಿ

ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 (ಹಿಂದಿನ ಹೆದ್ದಾರಿ 48) ಹಿರೀಸಾವೆ, ಚನ್ನರಾಯಪಟ್ಟಣ, ಶಾಂತಿಗ್ರಾಮಗಳ ಮೂಲಕ ಹಾಸನ ತಲುಪುತ್ತದೆ. ಈ ಭಾಗ ವಿಭಜಕವಿರುವ ಚತುಷ್ಪಥ. ಹಾಸನದಿಂದ ಹೊಳೆನರಸೀಪುರದ ಮೂಲಕ ಮೈಸೂರು ಜಿಲ್ಲೆಯ ಬಿಳಿಕೆರೆಯತ್ತ ಸಾಗುವುದು ರಾಷ್ಟ್ರೀಯ ಹೆದ್ದಾರಿ 373. ಅರಕಲಗೂಡಿಗೆ ಹಾಸನದಿಂದ ಗೊರೂರಿನ ಮೂಲಕ ರಸ್ತೆಯಿದೆ.

ಕೇಂದ್ರ ಸರ್ಕಾರದ 2018ರ ಏಪ್ರಿಲ್ ಅಧಿಸೂಚನೆಯ ಪ್ರಕಾರ ಕಾರುಗಳಿಗೆ ಗರಿಷ್ಠ ವೇಗವು ವಿಭಜಕವಿರುವ ಚತುಷ್ಪಥದಲ್ಲಿ ಗಂಟೆಗೆ 100 ಕಿ.ಮೀ., ಪುರಸಭಾ ವ್ಯಾಪ್ತಿಯ ಮತ್ತು ಇತರ ರಸ್ತೆಗಳಲ್ಲಿ 70 ಕಿ.ಮೀ. ದ್ವಿಚಕ್ರ ವಾಹನಗಳಿಗೆ ಈ ಮಿತಿ ಕ್ರಮವಾಗಿ 80 ಮತ್ತು 60. ರಾಜ್ಯ ಸರ್ಕಾರ ಇದಕ್ಕಿಂತ ಕಡಿಮೆ ಮಿತಿ ನಿಗದಿಪಡಿಸಬಹುದಾದ್ದರಿಂದ ಸ್ಥಳದ ಫಲಕವೇ ಅಂತಿಮ. ಚನ್ನರಾಯಪಟ್ಟಣದ ಕಡೆಯಿಂದ ಚತುಷ್ಪಥದಲ್ಲಿ ಬಂದ ಕಾರು ಹಾಸನದಲ್ಲಿ ಹೊಳೆನರಸೀಪುರ ಅಥವಾ ಅರಕಲಗೂಡು ರಸ್ತೆಗೆ ತಿರುಗಿದಾಗ ಅದರ ಮಿತಿ 30 ಕಿ.ಮೀ.ನಷ್ಟು ಇಳಿಯುತ್ತದೆ. ಹೆದ್ದಾರಿಯ ವೇಗಕ್ಕೆ ಹೊಂದಿಕೊಂಡ ಕಣ್ಣಿಗೆ 70 ಕೂಡ ನಿಧಾನವೆನಿಸುವುದರಿಂದ ಚಾಲಕರು ಎಡವುವುದು ಇಂಥ ಕಡೆಗಳಲ್ಲೇ.

ಕರ್ನಾಟಕ ಪೊಲೀಸರು ಹೆದ್ದಾರಿಗಳಲ್ಲಿ ಲೇಸರ್ ಸ್ಪೀಡ್ ಗನ್, ಇಂಟರ್‌ಸೆಪ್ಟರ್ ವಾಹನ ಹಾಗೂ ಸಂಖ್ಯಾಫಲಕ ಗುರುತಿಸುವ ಕ್ಯಾಮೆರಾಗಳನ್ನು ಬಳಸುತ್ತಾರೆ. ಗಂಟೆಗೆ 130 ಕಿ.ಮೀ. ಮೀರಿದವರ ವಿರುದ್ಧ ದಂಡದ ಜೊತೆಗೆ ಪ್ರಕರಣವನ್ನೂ ದಾಖಲಿಸುವುದಾಗಿ ರಾಜ್ಯದ ಸಂಚಾರ ಮತ್ತು ರಸ್ತೆ ಸುರಕ್ಷತಾ ವಿಭಾಗವು 2024ರಲ್ಲಿ ಪ್ರಕಟಿಸಿ, ಆಗಸ್ಟ್ 1ರಿಂದ ಅದನ್ನು ಜಾರಿಗೊಳಿಸಿತು. ಅಮೆರಿಕದ ಕೆಎ ಪಟ್ಟಿಯ ರೇಡಾರ್‌ಗಳಿಗೆಂದು ರೂಪಿಸಿದ ದುಬಾರಿ ಡಿಟೆಕ್ಟರ್ ಇಂಥ ವ್ಯವಸ್ಥೆಯಲ್ಲಿ ಬಹುಪಾಲು ಮೌನವಾಗಿರುತ್ತದೆ. ಕೂಗಿದಾಗಲೂ ಅದು ಮುಂದಿನ ಕಾರಿನ ಸಂವೇದಕಕ್ಕೋ ಅಂಗಡಿಯ ಬಾಗಿಲಿಗೋ ಆಗಿರುವ ಸಾಧ್ಯತೆ ಹೆಚ್ಚು.

ದ್ವಿಪಥ ರಸ್ತೆಗಳಲ್ಲಿ ಊರುಗಳು ರಸ್ತೆಯ ಎರಡೂ ಬದಿಗೆ ಹಬ್ಬಿವೆ. ಟ್ರ್ಯಾಕ್ಟರ್, ಎತ್ತಿನಗಾಡಿ, ದನಕರು, ಶಾಲಾಮಕ್ಕಳು ಮತ್ತು ಉತ್ಸವದ ಮೆರವಣಿಗೆಗಳು ಇದೇ ರಸ್ತೆಯನ್ನು ಬಳಸುತ್ತವೆ. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ–ಹೊಳೆನರಸೀಪುರ ಮಾರ್ಗದ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನಾ ಮೆರವಣಿಗೆಯ ಮೇಲೆ ಲಾರಿ ಹರಿದು ಹಲವರು ಮೃತಪಟ್ಟರು. ರಸ್ತೆಯಲ್ಲಿ ಜನರಿದ್ದಾರೆ ಎಂಬುದನ್ನು ಯಾವ ಡಿಟೆಕ್ಟರ್ ಕೂಡ ತಿಳಿಸುವುದಿಲ್ಲ.

ವೇಗ ಮತ್ತು ನಿಲುಗಡೆಯ ದೂರ

ಚಾಲಕ ಅಪಾಯ ಕಂಡು ಬ್ರೇಕ್ ಒತ್ತಲು 1.5 ಸೆಕೆಂಡ್ ತೆಗೆದುಕೊಂಡು, ಒಣ ರಸ್ತೆಯಲ್ಲಿ ಕಾರಿನ ವೇಗ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 7 ಮೀಟರ್‌ನಂತೆ ಇಳಿಯುತ್ತದೆಂದು ಭಾವಿಸಿದರೆ, ಕಾರು ಪೂರ್ಣವಾಗಿ ನಿಲ್ಲಲು ಬೇಕಾಗುವ ಅಂದಾಜು ದೂರ ಹೀಗಿದೆ:

• ಗಂಟೆಗೆ 60 ಕಿ.ಮೀ. – 45 ಮೀಟರ್
• ಗಂಟೆಗೆ 80 ಕಿ.ಮೀ. – 69 ಮೀಟರ್
• ಗಂಟೆಗೆ 100 ಕಿ.ಮೀ. – 97 ಮೀಟರ್
• ಗಂಟೆಗೆ 130 ಕಿ.ಮೀ. – 147 ಮೀಟರ್

ಮಳೆಗಾಲದಲ್ಲಿ ಹಾಗೂ ಸವೆದ ಟೈರುಗಳಲ್ಲಿ ಈ ದೂರ ಇನ್ನೂ ಹೆಚ್ಚು. ಹಾಸನ–ಚನ್ನರಾಯಪಟ್ಟಣದ ನಡುವಿನ ದೂರವನ್ನು ಸುಮಾರು 40 ಕಿ.ಮೀ. ಎಂದಿಟ್ಟುಕೊಂಡರೆ, 80ರ ವೇಗದಲ್ಲಿ 30 ನಿಮಿಷ, 100ರ ವೇಗದಲ್ಲಿ 24 ನಿಮಿಷ ಬೇಕು. 6 ನಿಮಿಷದ ಉಳಿತಾಯಕ್ಕೆ ನಿಲುಗಡೆಯ ದೂರ 28 ಮೀಟರ್ ಹೆಚ್ಚುತ್ತದೆ.

ಆಯ್ಕೆ ಮತ್ತು ಬಳಕೆ

ಅನುಮತಿಯಿರುವ ಪ್ರದೇಶಗಳಲ್ಲಿ ಡಿಟೆಕ್ಟರ್ ಆರಿಸುವವರು ಸಾಮಾನ್ಯವಾಗಿ ಈ ಅಂಶಗಳನ್ನು ಪರಿಗಣಿಸುತ್ತಾರೆ:

• ಪಟ್ಟಿ: ಸ್ಥಳೀಯ ಪೊಲೀಸರು ಬಳಸುವ ಆವರ್ತನ ಪಟ್ಟಿಯನ್ನು ಸಾಧನವು ಗುರುತಿಸುವಂತಿರಬೇಕು.
• ಸೋಸುವಿಕೆ: ಕಾರುಗಳ ಸಂವೇದಕ ಮತ್ತು ಸ್ವಯಂಚಾಲಿತ ಬಾಗಿಲುಗಳ ಅಲೆಗಳನ್ನು ಬೇರ್ಪಡಿಸುವ ಸಾಮರ್ಥ್ಯ ಮುಖ್ಯ. ಪದೇ ಪದೇ ಸುಳ್ಳು ಸೂಚನೆ ಕೊಡುವ ಸಾಧನವನ್ನು ಚಾಲಕ ಕ್ರಮೇಣ ಕಡೆಗಣಿಸುತ್ತಾನೆ.
• ಜಿಪಿಎಸ್: ಸ್ಥಿರ ಕ್ಯಾಮೆರಾಗಳ ಸ್ಥಳಗಳನ್ನು ನೆನಪಿಟ್ಟುಕೊಳ್ಳುವ ಮಾದರಿಗಳಲ್ಲಿ ದತ್ತಾಂಶವನ್ನು ಆಗಾಗ ನವೀಕರಿಸಬೇಕಾಗುತ್ತದೆ.
• ಅಳವಡಿಕೆ: ಸಾಧನವು ಚಾಲಕನ ನೋಟಕ್ಕೆ, ವೈಪರ್‌ಗೆ ಅಥವಾ ಏರ್‌ಬ್ಯಾಗ್‌ಗೆ ಅಡ್ಡಬಾರದಂತೆ, ಮುಂದಿನ ರಸ್ತೆಗೆ ಸಮತಲವಾಗಿ ಇರಬೇಕು. ಲೋಹದ ಲೇಪವಿರುವ ಗಾಜು ಅಲೆಗಳನ್ನು ತಡೆಯುತ್ತದೆ.
• ಧ್ವನಿ: ಸೂಚನೆ ಕಿವಿಯಿಂದಲೇ ತಿಳಿಯುವಂತಿರಬೇಕು, ಪರದೆ ನೋಡಲು ಕಣ್ಣು ರಸ್ತೆಯಿಂದ ಸರಿಯಬಾರದು.

ಸೂಚನೆ ಬಂದೊಡನೆ ಗಟ್ಟಿಯಾಗಿ ಬ್ರೇಕ್ ಒತ್ತುವುದು ಅಪಾಯಕಾರಿ. ಹಿಂದೆ ಲಾರಿ ಅಥವಾ ಬಸ್ಸು ಸಮೀಪದಲ್ಲಿದ್ದರೆ ಅದು ಡಿಕ್ಕಿಗೆ ಕಾರಣವಾಗಬಹುದು.

ಪರ್ಯಾಯಗಳು

ಹೆಚ್ಚಿನ ಹೊಸ ಕಾರುಗಳಲ್ಲಿ ವೇಗದ ಎಚ್ಚರಿಕೆ ಇರುತ್ತದೆ. 2019ರ ಜುಲೈ 1ರಿಂದ ಭಾರತದಲ್ಲಿ ತಯಾರಾಗುವ ಕಾರುಗಳಿಗೆ ಇದು ಕಡ್ಡಾಯ. ಗಂಟೆಗೆ 80 ಕಿ.ಮೀ. ಮೀರಿದಾಗ ಆಗೊಮ್ಮೆ ಈಗೊಮ್ಮೆ, 120 ಮೀರಿದಾಗ ನಿರಂತರವಾಗಿ ಸದ್ದು ಬರುತ್ತದೆ. ಕ್ರೂಸ್ ಕಂಟ್ರೋಲ್ ಇರುವ ಕಾರುಗಳಲ್ಲಿ ಚತುಷ್ಪಥದ ಮಿತಿಯೊಳಗೆ ವೇಗವನ್ನು ನಿಲ್ಲಿಸಿಕೊಳ್ಳಬಹುದು. ಗೂಗಲ್ ಮ್ಯಾಪ್ಸ್‌ನಂತಹ ಮೊಬೈಲ್ ನಕ್ಷೆಗಳು ಹಲವು ರಸ್ತೆಗಳ ವೇಗ ಮಿತಿ ಮತ್ತು ಕ್ಯಾಮೆರಾಗಳನ್ನು ತೋರಿಸುತ್ತವೆ. ಇವೆಲ್ಲವೂ ಪೊಲೀಸರು ಇದ್ದಾರೆಯೇ ಎಂಬುದಕ್ಕಿಂತ ಕಾರಿನ ವೇಗ ಎಷ್ಟಿದೆ, ಮಿತಿ ಎಷ್ಟು ಎಂಬುದನ್ನು ಚಾಲಕನಿಗೆ ತಿಳಿಸುವ ಸಾಧನಗಳಾಗಿವೆ.

ಇವನ್ನೂ ನೋಡಿ

• ಡಾಪ್ಲರ್ ಪರಿಣಾಮ
• ರೇಡಾರ್
• ರಾಷ್ಟ್ರೀಯ ಹೆದ್ದಾರಿ 75
• ಹಾಸನ ಜಿಲ್ಲೆ