ಬಂಧುವಲ್ಲದವರಿಗೆ ಅಂಗದಾನ: ಕಾನೂನು ಏನು ಹೇಳುತ್ತದೆ?

ಕೇರಳದ ಪಾಲಾ ಧರ್ಮಪ್ರಾಂತ್ಯದ ಸಹಾಯಕ ಬಿಷಪರಾಗಿದ್ದ ಜೇಕಬ್ ಮುರಿಕ್ಕನ್ ಅವರು 2016ರ ಜೂನ್ 1ರಂದು ತಮ್ಮ ಒಂದು ಮೂತ್ರಪಿಂಡವನ್ನು ಹಿಂದೂ ಯುವಕನೊಬ್ಬನಿಗೆ ದಾನ ಮಾಡಿದರು. ಅದಕ್ಕೂ ಮೊದಲು, 2009ರಲ್ಲಿ, ತೃಶೂರಿನ ಧರ್ಮಗುರು ವಂ. ಡೇವಿಸ್ ಚಿರಮೇಲ್ ಇದೇ ರೀತಿ ಮೂತ್ರಪಿಂಡ ನೀಡಿದ್ದರು. ಪಡೆದವರಿಬ್ಬರೂ ಇವರ ಬಂಧುಗಳಲ್ಲ. ಹೀಗೆ ಕೊಡಲು ನಮ್ಮ ಕಾನೂನು ಅವಕಾಶ ನೀಡುತ್ತದೆಯೇ? ನೀಡುತ್ತದೆ. ಆದರೆ ಶಸ್ತ್ರಚಿಕಿತ್ಸೆಗೆ ಮೊದಲೇ ಸಮಿತಿಯ ಅನುಮತಿ ಪಡೆಯಬೇಕು.

ಹತ್ತಿರದ ಬಂಧುಗಳು ಯಾರು?

1994ರ ಮಾನವ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಪತಿ, ಪತ್ನಿ, ತಂದೆ, ತಾಯಿ, ಮಗ, ಮಗಳು, ಸಹೋದರ, ಸಹೋದರಿ ಹತ್ತಿರದ ಬಂಧುಗಳು. 2011ರ ತಿದ್ದುಪಡಿಯು ಅಜ್ಜ, ಅಜ್ಜಿ ಮತ್ತು ಮೊಮ್ಮಕ್ಕಳನ್ನೂ ಸೇರಿಸಿತು. ಸೋದರಮಾವ, ಅತ್ತಿಗೆ, ಚಿಕ್ಕಪ್ಪನ ಮಗ, ಜ್ಞಾನಸ್ನಾನದ ಧರ್ಮತಂದೆ, ನೆರೆಮನೆಯವರು ಈ ಪಟ್ಟಿಯಲ್ಲಿಲ್ಲ. ಇವರು ಕಾಯ್ದೆಯ 9(3) ವಿಧಿಯಂತೆ, ರೋಗಿಯ ಮೇಲಿನ ಪ್ರೀತಿ, ಬಾಂಧವ್ಯ ಅಥವಾ ಬೇರೆ ವಿಶೇಷ ಕಾರಣದಿಂದ ದಾನ ಮಾಡಬಹುದು. ಜೀವಂತ ದಾನಿಗೆ 18 ವರ್ಷ ತುಂಬಿರಬೇಕು.

ಸಮಿತಿ ಏನನ್ನು ನೋಡುತ್ತದೆ?

ದಾನಿ ಮತ್ತು ರೋಗಿ ಜಂಟಿಯಾಗಿ ಅರ್ಜಿ ಸಲ್ಲಿಸಬೇಕು. ಇಬ್ಬರ ಪರಿಚಯ ಹೇಗಾಯಿತು, ದಾನ ಮಾಡುವ ಇಚ್ಛೆ ಏಕೆ ಬಂತು, ನಡುವೆ ದಲ್ಲಾಳಿ ಇದ್ದಾನೆಯೇ ಎಂದು ಸಮಿತಿ ವಿಚಾರಿಸುತ್ತದೆ. ಒಟ್ಟಿಗೆ ಇದ್ದುದಕ್ಕೆ ದಾಖಲೆ, ಹಳೆಯ ಫೋಟೋಗಳನ್ನು ಕೇಳುತ್ತದೆ. 2014ರ ನಿಯಮಗಳಂತೆ ಇಬ್ಬರ ಉದ್ಯೋಗ ಮತ್ತು ಹಿಂದಿನ ಮೂರು ಆರ್ಥಿಕ ವರ್ಷಗಳ ಆದಾಯದ ಪುರಾವೆ ಕೊಡಬೇಕು. ಬಡವನು ಶ್ರೀಮಂತನಿಗೆ ಅಂಗ ಕೊಡಲು ಮುಂದಾದಾಗ ಪ್ರಶ್ನೆಗಳು ಹೆಚ್ಚುವುದು ಇದಕ್ಕಾಗಿಯೇ. ದಾನಿಯ ಮನೆಯವರನ್ನೂ ಮಾತನಾಡಿಸಿ, ಅವರ ಆಕ್ಷೇಪವಿದ್ದರೆ ದಾಖಲಿಸಲಾಗುತ್ತದೆ. ದಾನಿ ಮಹಿಳೆಯಾಗಿದ್ದರೆ ಅವರ ಗುರುತನ್ನೂ ಸ್ವತಂತ್ರ ಒಪ್ಪಿಗೆಯನ್ನೂ ರೋಗಿಯಲ್ಲದ ಬೇರೊಬ್ಬರು ದೃಢಪಡಿಸಬೇಕು.

ನಿಜವಾದ ಉದ್ದೇಶವನ್ನು ಸಾಬೀತುಪಡಿಸುವ ಹೊಣೆ ಅರ್ಜಿದಾರರದ್ದೇ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಕುಲದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅನುಮತಿ ಕೊಟ್ಟರೂ ನಿರಾಕರಿಸಿದರೂ ಸಮಿತಿ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ನಿರಾಕರಿಸಿದರೆ 30 ದಿನಗಳೊಳಗೆ ಸರಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಹಣದ ವಿಚಾರ

ಅಂಗಕ್ಕಾಗಿ ಹಣ ಕೊಡುವುದೂ ಪಡೆಯುವುದೂ ಅಪರಾಧ. 2011ರ ತಿದ್ದುಪಡಿಯಂತೆ 5ರಿಂದ 10 ವರ್ಷ ಸಜೆ, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. ಆದರೆ ಅಂಗ ತೆಗೆಯುವ ಹಾಗೂ ಸಾಗಿಸುವ ವೆಚ್ಚ, ದಾನದಿಂದಾಗಿ ದಾನಿಗೆ ತಗಲುವ ಖರ್ಚು ಮತ್ತು ತಪ್ಪಿಹೋಗುವ ಸಂಪಾದನೆಯನ್ನು ಭರಿಸುವುದನ್ನು ಕಾಯ್ದೆ ಮಾರಾಟವೆಂದು ಎಣಿಸುವುದಿಲ್ಲ. ಚರ್ಚಿನ ಬೋಧನೆಯೂ ಇದಕ್ಕೆ ಹೊಂದುತ್ತದೆ. ಪೋಪ್ ಎರಡನೇ ಜಾನ್ ಪಾವ್ಲ್ ಅವರು 2000ದ ಆಗಸ್ಟ್ 29ರಂದು ರೋಮ್‌ನಲ್ಲಿ ಅಂಗಾಂಗ ಕಸಿ ತಜ್ಞರೊಂದಿಗೆ ಮಾತನಾಡುತ್ತಾ ಅಂಗದಾನವನ್ನು ಪ್ರೀತಿಯ ಕಾರ್ಯವೆಂದು ಮೆಚ್ಚಿದರು; ಅಂಗಗಳ ವ್ಯಾಪಾರವನ್ನು ನೈತಿಕವಾಗಿ ಒಪ್ಪಲಾಗದು ಎಂದರು.

ಧರ್ಮಕೇಂದ್ರದವರು ಗಮನಿಸಬೇಕಾದದ್ದು

ಡಯಾಲಿಸಿಸ್‌ನಲ್ಲಿರುವ ರೋಗಿಯ ಮನೆಯವರು ನೆರವಿಗಾಗಿ ಮೊದಲು ಬರುವುದು ಗುರಿಕಾರರ ಬಳಿಗೆ, ಧರ್ಮಗುರುಗಳ ಬಳಿಗೆ. ಚಿಕಿತ್ಸೆಗಾಗಿ ಹಣ ಸಂಗ್ರಹಿಸುವುದರಲ್ಲಿ ತಪ್ಪಿಲ್ಲ. ಅಂಗ ಕೊಟ್ಟವರಿಗೆ ಹಣ ಕೊಡಲಾಗುವುದೆಂದು ಪ್ರಕಟಣೆ ಹಾಕುವುದು ಮಾತ್ರ ಅಪರಾಧ.

ಪತ್ರ ಬರೆಯುವಾಗಲೂ ಎಚ್ಚರ ಬೇಕು. ದಾನಿಗೂ ರೋಗಿಗೂ ವರ್ಷಗಳ ಪರಿಚಯವಿದೆ ಎಂದು ದೃಢೀಕರಿಸುವಂತೆ ಯಾರಾದರೂ ಕೇಳಿದರೆ, ನಿಮಗೆ ಸ್ವತಃ ಗೊತ್ತಿರುವಷ್ಟನ್ನೇ ಬರೆಯಿರಿ. ಬಾಂಧವ್ಯವಿದೆಯೆಂದು ತೋರಿಸಲು ಸುಳ್ಳು ದಾಖಲೆ ಸಿದ್ಧಪಡಿಸುವುದಕ್ಕೆ ನೆರವಾದವರಿಗೂ ಇದೇ ಶಿಕ್ಷೆಯುಂಟು. ಕನಿಕರದಿಂದ ಬರೆದ ಪತ್ರವೊಂದು ಸಾಲದಲ್ಲಿ ಮುಳುಗಿದ ಬಡವನ ಮೂತ್ರಪಿಂಡ ಮಾರಾಟವಾಗಲು ದಾರಿಯಾಗಬಹುದು.

ಮನೆಯವರ ಅಂಗ ಹೊಂದದಿದ್ದರೆ ಇನ್ನೊಂದು ದಾರಿಯೂ ಇದೆ. ಅಂಥದೇ ತೊಂದರೆಯಲ್ಲಿರುವ ಮತ್ತೊಂದು ಕುಟುಂಬದೊಡನೆ ದಾನಿಗಳನ್ನು ಅದಲು ಬದಲು ಮಾಡಿಕೊಳ್ಳಲು 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಇದಕ್ಕೂ ಸಮಿತಿಯ ಅನುಮತಿ ಬೇಕು. ಹೊರಗಿನ ದಾನಿಯನ್ನು ಹುಡುಕುವ ಮೊದಲು ಆಸ್ಪತ್ರೆಯ ಕಸಿ ಸಂಯೋಜಕರಲ್ಲಿ ಈ ಬಗ್ಗೆ ವಿಚಾರಿಸುವುದು ಒಳ್ಳೆಯದು.